ನೆರೆ ಇಳಿದ ಮೇಲೆ ನೆರೆಮನೆಗೆ: ಚರ್ಚಿನವರು ಮಾಡಬಹುದಾದ ಕೆಲಸ

2018ರ ಆಗಸ್ಟ್ ನಡುವಿನಲ್ಲಿ ಮಡಿಕೇರಿಯ ಸುತ್ತಮುತ್ತ ಗುಡ್ಡಗಳು ಜರಿದವು. ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಎಂಬ ಊರುಗಳ ಹೆಸರು ಬೆಂಗಳೂರಿನ ಎಷ್ಟೋ ಮನೆಗಳಿಗೆ ಗೊತ್ತಾಗಿದ್ದೇ ಆಗ. ಚರ್ಚು, ದೇವಸ್ಥಾನ, ಮಸೀದಿ, ಕಾಲೇಜುಗಳಲ್ಲಿ ಸಾಮಾನು ಸೇರಿತು, ಲಾರಿಗಳು ಹೊರಟವು. ಕೊಟ್ಟವರ ಮನಸ್ಸು ದೊಡ್ಡದೇ. ಆದರೆ ಉಟ್ಟುಬಿಟ್ಟ ಬಟ್ಟೆ ಅಲ್ಲಿ ರಾಶಿ ಬಿತ್ತು, ಅದನ್ನು ಆರಿಸಿ ಹಂಚುವುದೇ ಒಂದು ಕೆಲಸವಾಯಿತು.

ಆಪತ್ತು ದೂರದಲ್ಲೇ ಆಗಬೇಕೆಂದಿಲ್ಲ. 2023ರ ಮೇ 21, ಭಾನುವಾರ ಮಧ್ಯಾಹ್ನ ಆಲಿಕಲ್ಲು ಮಳೆ ಸುರಿದಾಗ ನಮ್ಮ ಮಲ್ಲೇಶ್ವರಂ 9ನೇ ಕ್ರಾಸಿನ ಆಭರಣದ ಅಂಗಡಿಯೊಳಕ್ಕೇ ನೀರು ನುಗ್ಗಿತು. ಅದೇ ದಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಒಬ್ಬ ಯುವತಿ ಪ್ರಾಣ ಕಳೆದುಕೊಂಡಳು. ಇಂಥ ದಿನ ಚರ್ಚಿನ ಸಭಾಂಗಣದ ಬಾಗಿಲು ತೆರೆಯುವುದು ಯಾರು, ಬೀಗದ ಕೈ ಯಾರ ಹತ್ತಿರ ಇರುತ್ತದೆ? ತಯಾರಿ ಈ ಪ್ರಶ್ನೆಯಿಂದಲೇ ಶುರುವಾಗಬೇಕು.

ಮಳೆಗಾಲಕ್ಕೆ ಮುಂಚೆ

ಒಂದು ನೋಟ್‌ಬುಕ್ ಸಾಕು. ಚರ್ಚಿನ ಸುತ್ತಲಿನ ಬೀದಿಗಳಲ್ಲಿ ಒಬ್ಬರೇ ಇರುವ ವಯಸ್ಸಾದವರು, ಬೇಸ್‌ಮೆಂಟಿನ ಬಾಡಿಗೆದಾರರು, ಕಾವಲುಗಾರರ ಕುಟುಂಬ, ಡಯಾಲಿಸಿಸ್‌ಗೆ ಹೋಗುವವರು ಎಲ್ಲಿದ್ದಾರೆಂದು ಬರೆದಿಡಿ. ಅವರು ಯಾವ ಮತದವರು ಎಂಬ ಕಾಲಂ ಬೇಡವೇ ಬೇಡ. ಸಭೆಯಲ್ಲಿರುವ ನರ್ಸು, ಎಲೆಕ್ಟ್ರಿಷಿಯನ್, ಪ್ಲಂಬರ್, ಟೆಂಪೋ ಇರುವವರನ್ನು ಇನ್ನೊಂದು ಪುಟದಲ್ಲಿ ಬರೆಯಿರಿ. ಗೋಡೆಗೆ ಅಂಟಿಸಬೇಕಾದ ಸಂಖ್ಯೆಗಳು: ತುರ್ತಿಗೆ 112, ಆಂಬುಲೆನ್ಸ್‌ಗೆ 108, ಬೆಸ್ಕಾಂ 1912, ಜಲಮಂಡಳಿ 1916, ಪಾಲಿಕೆ 1533.

ನೀರು ನುಗ್ಗಿದ ಮನೆಗೆ ಹೋದಾಗ

ಕಾಲಿಡುವ ಮುಂಚೆ ಕರೆಂಟು. ಮೀಟರ್ ಬೋರ್ಡ್ ಒದ್ದೆಯಾಗಿದ್ದರೆ ಯಾರೂ ಮುಟ್ಟಬಾರದು. 1912ಕ್ಕೆ ಹೇಳಿ, ಬಲ್ಲವರು ನೋಡುವವರೆಗೆ ಫ್ರಿಜ್ಜು, ಮೋಟಾರು ಹಾಕಬೇಡಿ. ಮುಳುಗಿದ್ದ ಸ್ಕೂಟರು, ಕಾರನ್ನೂ ಸ್ಟಾರ್ಟ್ ಮಾಡಕೂಡದು, ಎಂಜಿನ್ ಪೂರ್ತಿ ಹಾಳಾಗಬಹುದು.

ತೊಳೆಯುವ ಮುಂಚೆ ಫೋಟೊ ತೆಗೆಯಿರಿ. ಗೋಡೆಯ ಮೇಲೆ ನೀರು ನಿಂತ ಗೆರೆ, ಹಾಳಾದ ಸಾಮಾನು, ಮನೆ ನಂಬರು ಎಲ್ಲವೂ ಕಾಣಬೇಕು. ಪರಿಹಾರದ ಅರ್ಜಿಗೆ ಇದೇ ಆಧಾರ. 2019ರ ಪ್ರವಾಹದಲ್ಲಿ ರಾಜ್ಯ ಸರ್ಕಾರ ತಕ್ಷಣದ ನೆರವಾಗಿ ಕುಟುಂಬಕ್ಕೆ 10 ಸಾವಿರ ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತ್ತು. ಬಾಡಿಗೆಯವರ ಆಧಾರ್‌ನಲ್ಲಿ ಎಷ್ಟೋ ಸಲ ಊರಿನ ವಿಳಾಸವೇ ಇರುತ್ತದೆ. ಕರಾರು ಪತ್ರ, ಕರೆಂಟ್ ಬಿಲ್ಲು ಹುಡುಕಿಕೊಡಲು ಒಬ್ಬರು ಜೊತೆಗೆ ಕೂತರೆ ದೊಡ್ಡ ಉಪಕಾರ.

ಆಮೇಲೆ ಸಂಪು. ನಮ್ಮ ಹಳೆ ಬಡಾವಣೆಯಲ್ಲಿ ಸಂಪಿಗೆ ಒಳಚರಂಡಿ ನೀರು ಬೆರೆಯುವ ಅಪಾಯ ಹೆಚ್ಚು. ಪೂರ್ತಿ ಖಾಲಿ ಮಾಡಿಸಿ, ಗೋಡೆ ಉಜ್ಜಿ ತೊಳೆದು, ಹೊಸ ನೀರು ತುಂಬಿಸಿ. ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕಲಸಿ, ತಿಳಿಯನ್ನು ಮಾತ್ರ ಹುಯ್ದು ಒಂದು ಗಂಟೆ ಬಿಡಿ. ಆದರೂ ಕುಡಿಯುವುದನ್ನು ಕುದಿಸಿಯೇ ಕುಡಿಯಲಿ. ಕೆಸರು ಎತ್ತುವ ಹುಡುಗರಿಗೆ ಗಂಬೂಟು, ಕೈಗವಸು ಕೊಡಿ. ಕಾಲಲ್ಲಿ ಗಾಯವಿದ್ದವರನ್ನು ಇಳಿಸಬೇಡಿ. ಇಲಿಜ್ವರ ಬರುವುದು ಹೀಗೇ.

ಒದ್ದೆಯಾದ ಕಾಗದ

ನನ್ನ ಮಟ್ಟಿಗೆ ಚರ್ಚಿನವರು ತಪ್ಪದೆ ಹೊರಬೇಕಾದ ಹೊಣೆ ಕಾಗದಪತ್ರ ಉಳಿಸಿಕೊಡುವುದು, ಯಾಕೆಂದರೆ ಅನ್ನ ಕೊಡಲು ಹತ್ತು ಕೈ ಬರುತ್ತವೆ, ಇದಕ್ಕೆ ಬರುವುದಿಲ್ಲ. ಮಾರ್ಕ್ಸ್ ಕಾರ್ಡು, ಜಾತಿ ಪ್ರಮಾಣಪತ್ರ, ಮನೆ ಪತ್ರಗಳು ಮುದ್ದೆಯಾಗಿದ್ದರೆ ಬಿಡಿಸಲು ಎಳೆಯಬೇಡಿ. ಬಿಸಿಲಿಗೆ ಹಾಕದೆ, ಬಿಳಿ ಹಾಳೆಗಳ ನಡುವೆ ಇಟ್ಟು ಫ್ಯಾನಿನ ಗಾಳಿಗೆ ಆರಿಸಿ; ಹಾಳೆ ಒದ್ದೆಯಾದಂತೆ ಬದಲಿಸುತ್ತಿರಿ. ಎರಡು ದಿನದಲ್ಲಿ ಆರುವುದಿಲ್ಲ ಎನ್ನಿಸಿದರೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಫ್ರೀಜರಿನಲ್ಲಿಡಿ, ಬೂಷ್ಟು ಹಿಡಿಯುವುದಿಲ್ಲ. ಸಭಾಂಗಣದ ಉದ್ದನೆಯ ಮೇಜುಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ.

ದೂರದ ಊರಿಗೂ ಮಲ್ಲೇಶ್ವರಂ ಇದರಲ್ಲಿ ನೆರವಾಗಬಲ್ಲದು. ಎಸ್ಸೆಸ್ಸೆಲ್ಸಿ ಮಂಡಳಿಯ ಕಚೇರಿ ಇಲ್ಲಿ 6ನೇ ಕ್ರಾಸಿನಲ್ಲಿ, ಪಿಯು ಇಲಾಖೆ 18ನೇ ಕ್ರಾಸಿನಲ್ಲಿ. ಕೊಡಗಿನಲ್ಲೋ ಬೆಳಗಾವಿಯಲ್ಲೋ ಮನೆ ಕಳೆದುಕೊಂಡ ಮಗು ನಕಲು ಅಂಕಪಟ್ಟಿಗೆ ಬಸ್ಸು ಹತ್ತಿ ಇಲ್ಲಿಗೆ ಅಲೆಯಬೇಕೇ? ಅಲ್ಲಿನ ಶಾಲೆಯವರನ್ನು ವಿಚಾರಿಸಿ, ರಿಜಿಸ್ಟರ್ ನಂಬರು ಮತ್ತು ಪಾಸಾದ ವರ್ಷ ತರಿಸಿಕೊಂಡು, ಯಾವ ಅರ್ಜಿ, ಎಷ್ಟು ಶುಲ್ಕ ಎಂದು ಕಚೇರಿಯಲ್ಲಿ ಕೇಳಿ ತಿಳಿಸಲು ನಿವೃತ್ತ ಮೇಷ್ಟರೊಬ್ಬರು ಸಾಕು.

ಹೊರಊರಿಗೆ ಕಳಿಸುವುದಿದ್ದರೆ

ಅಲ್ಲಿಯವರನ್ನು ಕೇಳದೆ ಏನನ್ನೂ ಕಟ್ಟಬೇಡಿ. ಕೊಡಗು ಮೈಸೂರು ಧರ್ಮಕ್ಷೇತ್ರಕ್ಕೆ ಸೇರಿದ್ದು. ಆ ಧರ್ಮಕ್ಷೇತ್ರಕ್ಕೆ ಒ.ಡಿ.ಪಿ. ಎಂಬ ಸಮಾಜಸೇವಾ ಸಂಸ್ಥೆ ಇದೆ. ಅಂಥ ಸಂಸ್ಥೆಗೋ ಜಿಲ್ಲಾಡಳಿತಕ್ಕೋ ಫೋನು ಮಾಡಿ ಪಟ್ಟಿ ಪಡೆಯಿರಿ. ಸಾಮಾನ್ಯವಾಗಿ ಬೇಕಾಗುವುದು ಹೊಸ ಒಳಉಡುಪು, ನೈಟಿ, ಪಂಚೆ, ಸ್ಯಾನಿಟರಿ ಪ್ಯಾಡು, ಚಾಪೆ, ಕಂಬಳಿ, ಬಕೆಟ್ಟು, ಟಾರ್ಚು. ಡಬ್ಬದ ಮೇಲೆ ಒಳಗೇನಿದೆ ಎಂದು ಕನ್ನಡದಲ್ಲಿ ದಪ್ಪಗೆ ಬರೆಯಿರಿ. ಹಣ ಕೊಟ್ಟವರಿಗೆಲ್ಲ ರಸೀದಿ ಕೊಡಿ, ಲೆಕ್ಕವನ್ನು ಚರ್ಚಿನ ಬಾಗಿಲಲ್ಲೇ ಅಂಟಿಸಿ. ವಿದೇಶಿ ಪೌರತ್ವ ಪಡೆದ ನೆಂಟರು ಕಳಿಸುತ್ತೇವೆಂದರೂ, ವಿದೇಶಿ ದೇಣಿಗೆಗೆ ಬೇಕಾದ ಎಫ್‌ಸಿಆರ್‌ಎ ನೋಂದಣಿ ಇಲ್ಲದ ಖಾತೆಗೆ ತೆಗೆದುಕೊಳ್ಳಬಾರದು.

ಕಿಟ್ಟಿನೊಳಗೆ ಪ್ರಾರ್ಥನೆಯ ಚೀಟಿ, ಕರಪತ್ರ ಇಡಬೇಡಿ. ತೆಗೆದುಕೊಳ್ಳುವವರನ್ನು ನಿಲ್ಲಿಸಿ ಫೋಟೊ ಹಿಡಿಯಬೇಡಿ. ಕಷ್ಟದಲ್ಲಿರುವವರಿಗೆ ಕೈಯೊಡ್ಡುವುದೇ ಭಾರ, ಅದರ ಮೇಲೆ ಇನ್ನೊಂದು ಭಾರ ಹೇರುವುದು ಸರಿಯಲ್ಲ.

ಈ ಬಾರಿ ಮುಂಗಾರಿಗೆ ಮುಂಚಿನ ಭಾನುವಾರ ಪೂಜೆ ಮುಗಿದ ಕೂಡಲೇ ಹೊರಡಬೇಡಿ. ಹತ್ತು ನಿಮಿಷ ನಿಂತು ಆ ನೋಟ್‌ಬುಕ್ಕಿನಲ್ಲಿ ನಿಮ್ಮ ಹೆಸರು, ಫೋನ್ ನಂಬರು, ಬಲ್ಲ ಕೆಲಸ ಬರೆದು ಹೋಗಿ.