ಇಂದಿನ ಚಿಂತನೆ: ಸೋಸುವ ಬಟ್ಟೆ, ಕಾಗದದ ಕಪ್ಪು



ಭಿಕ್ಖುವಿನ ಬಳಿ ಇರಬೇಕಾದ ಎಂಟು ವಸ್ತುಗಳಲ್ಲಿ ನೀರು ಸೋಸುವ ಬಟ್ಟೆಯೂ ಒಂದು. ಪಾಳಿಯಲ್ಲಿ ಅದಕ್ಕೆ 'ಪರಿಸ್ಸಾವನ' ಎನ್ನುತ್ತಾರೆ. ಚೀವರ, ಪಾತ್ರೆ, ಸೂಜಿಗಳ ಸಾಲಿನಲ್ಲಿ ಅದಕ್ಕೂ ಜಾಗ. ನೀರಿನೊಳಗಿನ ಸಣ್ಣ ಜೀವಿ ಸಾಯಬಾರದು ಎಂಬುದು ಕಾರಣ.

ಇಂದು ನಮ್ಮ ನೀರು, ಉಪ್ಪು, ಚಹಾದಲ್ಲಿ ಇರುವುದು ಬೇರೆಯೇ. 5 ಮಿಲಿಮೀಟರಿಗಿಂತ ಚಿಕ್ಕ ಪ್ಲಾಸ್ಟಿಕ್ ಚೂರುಗಳಿಗೆ ಮೈಕ್ರೋಪ್ಲಾಸ್ಟಿಕ್ ಎಂದು ಹೆಸರು. ತೀರ ಸಣ್ಣವು ಯಾವ ಬಟ್ಟೆಗೂ ಸಿಗುವುದಿಲ್ಲ. 2025ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು 251 ಕಡೆ ಇಡ್ಲಿ ಪರೀಕ್ಷಿಸಿದರು. 52 ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಿದ್ದರು! ಬಿಸಿ ತಗುಲಿದ ಪ್ಲಾಸ್ಟಿಕ್ ಸುಮ್ಮನಿರುವುದಿಲ್ಲ.

ಕಾಗದದ ಕಪ್ಪಿನ ಕಥೆಯೂ ಅದೇ. ಹೆಸರಿಗೆ ಕಾಗದ, ಒಳಗೆ ತೆಳು ಪ್ಲಾಸ್ಟಿಕ್ ಪದರ. ಇಲ್ಲದಿದ್ದರೆ ಚಹಾ ಸೋರುತ್ತಿತ್ತು. ಅದರಲ್ಲಿ 100 ಮಿಲಿಲೀಟರ್ ಬಿಸಿ ಪಾನೀಯ 15 ನಿಮಿಷ ಇದ್ದರೆ ಸುಮಾರು 25,000 ಕಣಗಳು ಬಿಡುತ್ತವೆ ಎಂದು ಖರಗ್‌ಪುರ ಐಐಟಿಯವರು ಎಣಿಸಿದ್ದಾರೆ. ದಿನಕ್ಕೆ ಮೂರು ಕಪ್ಪು ಎಂದರೆ 75,000. ಇವು ದೇಹಕ್ಕೆ ಎಷ್ಟು ಕೆಡುಕು ಎಂಬ ಅಧ್ಯಯನ ಇನ್ನೂ ನಡೆದಿದೆ. ಹೆದರಿಸುವುದು ನನ್ನ ಉದ್ದೇಶವಲ್ಲ.

ಆದರೆ ಈ ಕಪ್ಪನ್ನು ಬೈಯುವುದು ನಮಗೆ ಅಷ್ಟು ಸುಲಭವೂ ಅಲ್ಲ. ಎಷ್ಟೋ ಊರುಗಳ ಹೋಟೆಲುಗಳಲ್ಲಿ ನಮ್ಮವರಿಗೆ ಬೇರೆ ಲೋಟ ಇತ್ತು. ಕುಡಿದು, ತಾವೇ ತೊಳೆದು, ಹೊರಗಿನ ಗೂಡಿನಲ್ಲಿ ಇಟ್ಟು ಬರಬೇಕಿತ್ತು. ಅದನ್ನು ಅನುಭವಿಸಿದ ಹಿರಿಯರು ನಮ್ಮ ಬಳಗದಲ್ಲೇ ಇದ್ದಾರೆ. ಕುಡಿದು ಎಸೆಯುವ ಕಪ್ಪು ಬಂದ ಮೇಲೆ ಎಲ್ಲರ ಕೈಗೂ ಒಂದೇ ಬಗೆಯದು ಬಂತು. ಲೋಟದ ಭೇದ ಮರೆಯಾಯಿತು. ಮರೆಯಾಯಿತು ಎಂದೆ, ಅಳಿಯಿತು ಎನ್ನಲಿಲ್ಲ. 'ಮತ್ತೆ ಸ್ಟೀಲ್ ಲೋಟಕ್ಕೆ ಮರಳಿ' ಎಂದು ಉಪದೇಶ ಮಾಡುವವರು ಆ ಲೋಟ ಯಾವ ನಲ್ಲಿಯಲ್ಲಿ, ಯಾರ ಕೈಯಲ್ಲಿ ತೊಳೆಯಲ್ಪಡುತ್ತದೆ ಎಂದೂ ಹೇಳಬೇಕು. ಪ್ಲಾಸ್ಟಿಕ್ ಬಿಡುವ ನೆಪದಲ್ಲಿ ಹಳೆಯ ಗೂಡು ಮರಳಿ ಬಾರದಿರಲಿ.

ಈ ಭಾನುವಾರ ಕಿರವತ್ತಿಯಲ್ಲಿ ಸೇರುವಾಗ ಕಾಗದದ ಕಪ್ಪು ಇರುವುದಿಲ್ಲ. 40 ಸ್ಟೀಲ್ ಲೋಟ ತಂದಿಟ್ಟಿದ್ದೇವೆ, ಎಲ್ಲವೂ ಒಂದೇ ಬುಟ್ಟಿಯಲ್ಲಿ. ತೊಳೆಯುವ ಮೊದಲ ಸರದಿ ಗಂಡಸರದು. ಅಕ್ಕಂದಿರು ಕುಳಿತು ಚರ್ಚೆ ಮುಂದುವರಿಸಲಿ. ಯಲ್ಲಾಪುರ, ಮುಂಡಗೋಡ ಕಡೆಯಿಂದ ಬರುವವರು ಬಾಟಲಿ ನೀರು ಕೊಳ್ಳುವುದು ಬೇಡ. ಕುದಿಸಿ, ಹತ್ತಿ ಬಟ್ಟೆಯಲ್ಲಿ ಸೋಸಿದ ನೀರು ಮಡಕೆಯಲ್ಲಿ ಇರುತ್ತದೆ.