ಹೊಲ ಮಾರಬೇಡಿ, ಮಗಳನ್ನು ತಡೆಯಲೂ ಬೇಡಿ

ಪ್ರಶ್ನೆ: ನಾನು ತಂಬ್ರಹಳ್ಳಿಯ ರೈತ. ಮಗಳು ಬೆಂಗಳೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಡಿಗ್ರಿ ಮುಗಿಸಿದ್ದಾಳೆ. ಈಗ ಇಂಗ್ಲೆಂಡಿನಲ್ಲಿ ‘ಅಂತರರಾಷ್ಟ್ರೀಯ ಮತ್ತು ಜವಾಬ್ದಾರಿಯುತ ಆತಿಥ್ಯ ನಿರ್ವಹಣೆ’ ಎಂಬ ಎಂಎಸ್ಸಿ ಮಾಡುತ್ತೇನೆ ಅನ್ನುತ್ತಾಳೆ. ಏಜೆಂಟರು ಎಲ್ಲ ಸೇರಿ 28 ಲಕ್ಷ ಅಂದಿದ್ದಾರೆ. ನೀರಾವರಿ ಹೊಲ ಎರಡೆಕರೆ ಮಾರಿದರೆ ಹೊಂದುತ್ತದೆ. ‘ಹೋಟೆಲ್‌ನಾಗ ದುಡಿಯಾಕ ಹೊಲ ಮಾರ್ತಿ ಏನು?’ ಅಂತ ಅಣ್ಣತಮ್ಮಂದಿರು ಬೈಯುತ್ತಾರೆ. ಮಗಳು ಮಾತು ಬಿಟ್ಟಿದ್ದಾಳೆ. ಏನು ಮಾಡಲಿ?

ಉತ್ತರ: ಯಜಮಾನರೇ, ಹೊಲ ಮಾರಬೇಡಿ. ಮೊದಲಿಗೇ ಹೇಳುತ್ತಿದ್ದೇನೆ, ಒಮ್ಮೆ ಮುಂಗಡ ಹಿಡಿದರೆ ಹಿಂದೆ ಸರಿಯುವುದು ಕಷ್ಟ. ಆದರೆ ನಿಮ್ಮ ಅಣ್ಣತಮ್ಮಂದಿರು ಕೊಡುವ ಕಾರಣವನ್ನು ನಾನು ಒಪ್ಪುವುದಿಲ್ಲ. ಮಗಳು ಆರಿಸಿಕೊಂಡ ವಿಷಯ ನಿಮ್ಮ ಸೀಮೆಗೇ ಬೇಕಾದದ್ದು.

ಹಂಪಿ ನಿಮ್ಮದೇ ಜಿಲ್ಲೆಯಲ್ಲಿದೆ. 1986ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಲೆ ದೇಶವಿದೇಶದ ಜನ ಬಂದರು. ಹೊಳೆಯ ಆಚೆ ವಿರೂಪಾಪುರ ಗಡ್ಡೆಯಲ್ಲಿ ಪರವಾನಗಿ ಇಲ್ಲದ ಗೆಸ್ಟ್‌ಹೌಸುಗಳು ಸಾಲಾಗಿ ಎದ್ದವು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ, 2020ರ ಫೆಬ್ರುವರಿಯಲ್ಲಿ ಮಾಲೀಕರು ಸೋತರು. ಮಾರ್ಚ್‌ನಲ್ಲಿ ಅವನ್ನೆಲ್ಲ ಕೆಡವಲಾಯಿತು. ಬಂಡವಾಳ ಹಾಕಿದವರ ಜೊತೆಗೆ ಅಡುಗೆ ಮಾಡಿಕೊಂಡು, ಕೋಣೆ ಗುಡಿಸಿಕೊಂಡು ಬದುಕುತ್ತಿದ್ದವರ ಅನ್ನವೂ ಹೋಯಿತು. ಎಲ್ಲಿ ಕಟ್ಟಬೇಕು, ಎಷ್ಟು ಕಟ್ಟಬೇಕು ಎಂದು ಮೊದಲೇ ಕೇಳುವವರೊಬ್ಬರು ಬೇಕಿತ್ತು. ನಿಮ್ಮ ಮಗಳು ಕಲಿಯಹೊರಟಿರುವುದು ಆ ಪ್ರಶ್ನೆ ಕೇಳುವುದನ್ನೇ.

ನಿಮ್ಮ ತಾಲ್ಲೂಕಿನ ಅಂಕಸಮುದ್ರವನ್ನೇ ನೋಡಿ. ಸುಮಾರು 99 ಹೆಕ್ಟೇರಿನ ಆ ಪಕ್ಷಿಧಾಮ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಹಕ್ಕಿ ನೋಡಲು ಬರುವವರು ಇನ್ನು ಹೆಚ್ಚುತ್ತಾರೆ. ಅವರು ಎಲ್ಲಿ ಉಳಿಯಬೇಕು, ಶೌಚದ ನೀರು ಯಾವ ಕಡೆ ಹರಿಯಬೇಕು, ಅವರ ತಟ್ಟೆಗೆ ಬೀಳುವ ಜೋಳದ ರೊಟ್ಟಿ ಯಾರ ಮನೆಯಲ್ಲಿ ಬಡಿದದ್ದಾಗಬೇಕು? ನೀರಿನ ಲೆಕ್ಕವನ್ನೇ ನೋಡಿ: ಹೋಟೆಲಿನ ಒಂದು ಕೋಣೆ ಖಾಲಿಯಾದರೆ ಎರಡು ಚಾದರ, ದಿಂಬಿನ ಗವಸು, ನಾಲ್ಕು ಟವೆಲ್ ಒಗೆಯಲು ಹೋಗುತ್ತವೆ. ಅತಿಥಿ ಇನ್ನೂ ಅಲ್ಲೇ ಇರುವಾಗಲೂ ದಿನಾ ಬದಲಿಸಬೇಕೆ ಎಂದು ನಿರ್ಧರಿಸುವವರು ಮ್ಯಾನೇಜರ್. ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತುವ ನಿಮ್ಮ ಕಡೆ ಅದು ಸಣ್ಣ ನಿರ್ಧಾರ ಅಲ್ಲವೇ ಅಲ್ಲ. ಊರಿನವರಿಗೂ ಪಾಲು ಸಿಗುವಂತೆ ಮಾಡಬಹುದು: ಕೇರಳದ ಕುಮರಕೋಮ್‌ನಲ್ಲಿ ಕುಟುಂಬಶ್ರೀ ಸ್ವಸಹಾಯ ಸಂಘಗಳ ಹೆಂಗಸರು ಬೆಳೆದ ತರಕಾರಿಯನ್ನು ಹೋಟೆಲುಗಳು ಕೊಳ್ಳುವ ಏರ್ಪಾಟು ಮಾಡಿದರು. 2017ರಲ್ಲಿ ಅಲ್ಲಿನ ಸರ್ಕಾರ ಇಂಥ ಜವಾಬ್ದಾರಿಯುತ ಪ್ರವಾಸೋದ್ಯಮಕ್ಕೆಂದೇ ಒಂದು ಮಿಷನ್ ತೆರೆಯಿತು. ಮಗಳು ಒಮ್ಮೆ ಹೋಗಿ ನೋಡಿ ಬರಲಿ.

ಇನ್ನು ದುಡ್ಡಿನ ಮಾತು. ಓದುತ್ತಾ ದುಡಿದು ಸಾಲ ತೀರಿಸಬಹುದೆಂದು ಏಜೆಂಟರು ಹೇಳಿರುತ್ತಾರೆ. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಅದು ಊಟ, ಬಾಡಿಗೆಗೆ ಆಸರೆಯಾದೀತು, ಫೀಸಿಗೆ ಸಾಲದು. ಓದು ಮುಗಿದ ಮೇಲೆ ಅಲ್ಲೇ ಇದ್ದು ಕೆಲಸ ಹುಡುಕಲು 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ ಸಿಗುವುದು 18 ತಿಂಗಳು. ಆಮೇಲೆ ಕೆಲಸದ ವೀಸಾ ಬೇಕೆಂದರೆ ಪದವಿ ಮಟ್ಟದ ಹುದ್ದೆ ಇರಬೇಕು, ಸಂಬಳ ಸಾಮಾನ್ಯವಾಗಿ ವರ್ಷಕ್ಕೆ 41,700 ಪೌಂಡ್ ಮುಟ್ಟಬೇಕು. 2025ರ ಜುಲೈನಲ್ಲಿ ಬಂದ ಈ ನಿಯಮ ಹೋಟೆಲ್ ಕೆಲಸದವರಿಗೆ ಬಲು ಬಿಗಿ. ಅಲ್ಲಿ ನೆಲೆ ನಿಂತು ಹೊಲ ವಾಪಸ್ ಕೊಳ್ಳುತ್ತೇವೆ ಎಂಬ ಲೆಕ್ಕ ಹಾಕಬೇಡಿ. ಸಾಲ ಮಾಡೋಣವೆಂದರೆ, ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಏಳೂವರೆ ಲಕ್ಷ ದಾಟಿದರೆ ಅಡಮಾನ ಕೇಳುತ್ತಾರೆ.

ಹಾಗಾದರೆ ದಾರಿ? ಮಗಳು ಎರಡು ವರ್ಷ ಕೆಲಸಕ್ಕೆ ಸೇರಲಿ. ಹೊಸಪೇಟೆ, ಕಮಲಾಪುರದ ಕಡೆ ದೊಡ್ಡ ಹೋಟೆಲು, ರೆಸಾರ್ಟುಗಳಿವೆ. ಆನೆಗೊಂದಿಯಲ್ಲಿ ಊರಿನ ಹಳೆಯ ಮನೆಗಳನ್ನೂ ಹೆಂಗಸರ ಕೈಕಸುಬನ್ನೂ ನೆಚ್ಚಿ ಕೆಲಸ ಮಾಡುತ್ತಿರುವ ಕಿಷ್ಕಿಂದ ಟ್ರಸ್ಟ್ ಇದೆ. ಎರಡು ವರ್ಷ ಎಂದು ಸುಮ್ಮನೆ ಹೇಳುತ್ತಿಲ್ಲ. ಬ್ರಿಟನ್ ಸರ್ಕಾರದ ಚೀವನಿಂಗ್ ವಿದ್ಯಾರ್ಥಿವೇತನಕ್ಕೆ 2,800 ಗಂಟೆಗಳ ಕೆಲಸದ ಅನುಭವ ಬೇಕು. ಸಿಕ್ಕರೆ ಫೀಸು, ವಿಮಾನ, ತಿಂಗಳ ಖರ್ಚು ಅವರದೇ. ಓದು ಮುಗಿಸಿ ದೇಶಕ್ಕೆ ಬಂದು ಎರಡು ವರ್ಷ ಇರಬೇಕೆಂಬ ಕರಾರು ಇದೆ. ಪೈಪೋಟಿ ಜೋರು. ಆದರೆ ಹಂಪಿಯಲ್ಲಿ ದುಡಿದು, ಹಂಪಿಗಾಗಿ ಕಲಿಯುತ್ತೇನೆ ಅನ್ನುವ ಹುಡುಗಿಯ ಅರ್ಜಿಗೆ ತೂಕ ಇರುತ್ತದೆ. ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿದೇಶದ ಓದಿಗೆ ನೆರವಾಗುವ ಪ್ರಬುದ್ಧ ಯೋಜನೆಯನ್ನೂ ವಿಚಾರಿಸಿ. ಯಾವುದೂ ಕೂಡಿಬರದಿದ್ದರೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಪ್ರವಾಸೋದ್ಯಮ ಶಿಕ್ಷಣ ಸಂಸ್ಥೆ ಐಐಟಿಟಿಎಂ ಇದೆ, ನೆಲ್ಲೂರಿನಲ್ಲೂ ಅದರ ಕ್ಯಾಂಪಸ್ ಉಂಟು. ಪ್ರವಾಸೋದ್ಯಮದಲ್ಲಿ ಎಂಬಿಎ ಮಾಡಬಹುದು.

ಇದನ್ನೆಲ್ಲ ‘ಬೇಡ’ ಎಂಬ ದನಿಯಲ್ಲಿ ಹೇಳಬೇಡಿ. ಕಾಗದ ಪೆನ್ನು ತಗೊಂಡು ಪಕ್ಕದಲ್ಲಿ ಕೂತು, ಲೆಕ್ಕವನ್ನು ಅವಳ ಕೈಯಿಂದಲೇ ಬರೆಸಿ. ಏಜೆಂಟರಿಗೆ ದುಡ್ಡು ಕೊಟ್ಟಿದ್ದರೆ ರಸೀದಿ ತೆಗೆದಿಟ್ಟುಕೊಳ್ಳಿ. ಕೊಟ್ಟಿಲ್ಲವಾದರೆ ಕೊಡುವುದೇ ಬೇಡ, ವಿಶ್ವವಿದ್ಯಾಲಯಕ್ಕೆ ಅವಳು ನೇರವಾಗಿಯೇ ಅರ್ಜಿ ಹಾಕಬಹುದು.