ಸರ್ವರ್ ಬಿಸಿಯ ಲೆಕ್ಕ

ಬಿಲ್ ಆನ್‌ಲೈನಲ್ಲಿ ಕಟ್ಟಿದ್ರೆ ಓಡಾಟ ತಪ್ಪುತ್ತೆ, ಪೆಟ್ರೋಲ್ ಉಳಿಯುತ್ತೆ, ನಗರದ ಕಾರ್ಬನ್ ಕಡಿಮೆಯಾಗುತ್ತೆ. ಇದು ನಿಜ, ಆದರೆ ಅರ್ಧ ಲೆಕ್ಕ. ಉಳಿದರ್ಧ ಇರೋದು ಸರ್ವರ್‌ಗಳ ಕರೆಂಟ್ ಬಿಲ್‌ನಲ್ಲಿ.

ಐರ್ಲೆಂಡನ್ನೇ ನೋಡಿ. ಆ ದೇಶದ ಒಟ್ಟು ವಿದ್ಯುತ್ ಬಳಕೆಯಲ್ಲಿ ಡೇಟಾ ಸೆಂಟರ್‌ಗಳ ಪಾಲು 2015ರಲ್ಲಿ ಶೇ. 5 ಇತ್ತು. 2023ರಲ್ಲಿ ಅದು ಶೇ. 21 ಆಯಿತು! ಅದೇ ವರ್ಷ ನಗರಗಳ ಮನೆಗಳೆಲ್ಲ ಸೇರಿ ಬಳಸಿದ್ದು ಶೇ. 18. ಹೆಚ್ಚಿನ ಡೇಟಾ ಸೆಂಟರ್‌ಗಳು ಇರುವುದು ರಾಜಧಾನಿ ಡಬ್ಲಿನ್ ಸುತ್ತಮುತ್ತ. ಅಲ್ಲಿನ ವಿದ್ಯುತ್ತಿನ ದೊಡ್ಡ ಪಾಲು ನೈಸರ್ಗಿಕ ಅನಿಲದಿಂದ ಬರುತ್ತದೆ.

ಈಗ ಸ್ವಲ್ಪ ಫಿಸಿಕ್ಸ್. ಸರ್ವರ್‌ಗೆ ಹೋದ ವಿದ್ಯುತ್ ಹೆಚ್ಚುಕಡಿಮೆ ಪೂರ್ತಿ ಬಿಸಿಯಾಗಿ ಹೊರಬರುತ್ತದೆ. ಅದನ್ನು ತಣ್ಣಗಾಗಿಸಲು ಮತ್ತೆ ವಿದ್ಯುತ್ ಬೇಕು. ಒಟ್ಟು ವಿದ್ಯುತ್ತನ್ನು ಕಂಪ್ಯೂಟರ್‌ಗಳಿಗೆ ಹೋದ ವಿದ್ಯುತ್ತಿನಿಂದ ಭಾಗಿಸಿದರೆ ಸಿಗುವ ಸಂಖ್ಯೆಯೇ ಪಿಯುಇ. ಅದು 1.5 ಅಂದ್ರೆ, ಕಂಪ್ಯೂಟರ್‌ಗಳಿಗೆ 2 ಯೂನಿಟ್ ಹೋದಾಗ ಕೂಲಿಂಗ್ ಮತ್ತಿತರ ಕೆಲಸಕ್ಕೆ 1 ಯೂನಿಟ್ ಹೋಗುತ್ತೆ ಅಂತ ಅರ್ಥ.

ಡಬ್ಲಿನ್‌ನ ಟಾಲಾ ಎಂಬಲ್ಲಿ ಅಮೆಜಾನ್ ಡೇಟಾ ಸೆಂಟರ್‌ನ ಬಿಸಿಯನ್ನು ಹೀಟ್ ಪಂಪ್‌ನಿಂದ ಇನ್ನಷ್ಟು ಏರಿಸಿ, ಪೈಪ್‌ಗಳ ಬಿಸಿನೀರಿನ ಮೂಲಕ ಕೌನ್ಸಿಲ್ ಕಟ್ಟಡಗಳಿಗೂ ವಿಶ್ವವಿದ್ಯಾಲಯದ ಕ್ಯಾಂಪಸ್‌ಗೂ ಕೊಡ್ತಾರೆ. ಅಲ್ಲಿ ಉರಿಯಬೇಕಿದ್ದ ಗ್ಯಾಸ್ ಉಳಿಯುತ್ತೆ.

ಬೆಂಗಳೂರಲ್ಲಿ ಕಟ್ಟಡಗಳನ್ನು ಬೆಚ್ಚಗಿಡುವ ಅಗತ್ಯವೇ ಇಲ್ಲ, ಹಾಗಾಗಿ ಇದನ್ನು ಕಾಪಿ ಮಾಡಕ್ಕಾಗಲ್ಲ. ನಮಗಿರುವ ದಾರಿ ಪಿಯುಇ ಇಳಿಸೋದು, ಗಾಳಿ ಮತ್ತು ಸೌರ ವಿದ್ಯುತ್ ಬಳಸೋದು. ಜೊತೆಗೆ, ನಮ್ಮ ಪ್ರಾಜೆಕ್ಟ್ ರಿಪೋರ್ಟಲ್ಲಿ 'ಇಷ್ಟು ಕಾರ್ಬನ್ ಉಳಿತಾಯ' ಅಂತ ಬರೆಯುವಾಗ ಸರ್ವರ್ ತಿಂದ ಯೂನಿಟ್‌ಗಳ ಕಾರ್ಬನ್ನನ್ನೂ ಅದರಿಂದ ಕಳೆಯೋಣ.